ತೊಡೆಯ ಪರೀಕ್ಷೆ

"ಎರಡೂ ಕೈ ಎದೆ ಮೇಲೆ ಕಟ್ಕೊಳ್ಳಿ. ಏನನ್ನೂ ಹಿಡೀದೆ ಕುರ್ಚಿಯಿಂದ ಎದ್ದು ನಿಲ್ಲಿ, ನೋಡೋಣ. ಎದ್ದುಬಿಟ್ರೆ ಮುಂದಿನ ವಾರದಿಂದ ಈ ಸೆಮಿಸಿ ಕಾಟ ನಿಮಗೆ ತಪ್ಪುತ್ತೆ" ಎಂದು ಬ್ರಿಜೆಟ್ ನಕ್ಕಳು. ಪರೀಕ್ಷೆಗೆಂದೇ ದೂರದ ಲಾಂಗ್‌ರೀಚ್ ಪಟ್ಟಣದಿಂದ ಬಂದಿದ್ದ ಫಿಸಿಯೋಥೆರಪಿಸ್ಟ್ ಆಕೆ.

ಕ್ಲಾರಿಯ ಮುಖ ಸಪ್ಪಗಾಯಿತು. ಕಾಟವಂತೆ, ಕಾಟ! ಜೀವಮಾನವೆಲ್ಲ ಕುರಿಗಳ ಉಣ್ಣೆ ಕತ್ತರಿಸಿದ ಮುದುಕ ಕ್ಲಾರಿ. ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿ ಮನೆಗೆ ಬಂದಾಗ ತೊಡೆಗಳು ಬಡಕಲು ಕೋಳಿಯ ಕಾಲಿನ ಹಾಗೆ ಒಣಗಿದ್ದವು. ಅವಕ್ಕೆ ಮಾಂಸ ತುಂಬಿಸಿದವನೇ ಬ್ರಿಜೆಟ್‌ಳ ಸಹಾಯಕ, ಟೋಂಗಾ ದ್ವೀಪದ ಈ ಸೆಮಿಸಿ. ದಿನಾ ಬೆಳಿಗ್ಗೆ ಬಂದು 'ಏಳು ತಾತ, ಕೂರು ತಾತ' ಎಂದು ಕುಣಿಸಿ, ಚಹಾ ಕುಡಿದು, ರಗ್ಬಿ ಬಗ್ಗೆ ಜಗಳವಾಡಿ ಹೋಗುತ್ತಿದ್ದ. ಆಮೇಲೆ ಆ ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ. ಪಕ್ಕದ ಮನೆಗೆ ಹೋಗಬೇಕೆಂದರೂ ಕಾರು ಬೇಕು.

ಕ್ಲಾರಿ ಮುಂದಕ್ಕೆ ಬಾಗಿದ, ನರಳಿದ, ಧೊಪ್ಪೆಂದು ಕೂತ. "ಆಗಲ್ಲ ಕಣಮ್ಮ."

"ಏನ್ ತಾತ, ನಾಟಕ ಆಡ್ತಿದ್ದೀಯಾ?" ಸೆಮಿಸಿ ಕಣ್ಣರಳಿಸಿದ. "ನಿನ್ನೆ ತಾನೇ ಸಾಸ್ ಬಾಟ್ಲಿ ತರೋಕೆ ಅಂತ ಚಂಗನೆ ಎದ್ದಿದ್ದೆ!"

"ನಿನ್ನೇದು ನಿನ್ನೆಗಾಯ್ತು. ಸುಮ್ನಿರೋ, ಗೂಳಿ!"

ಬ್ರಿಜೆಟ್ ಮಂಡಿಯೂರಿ ಅವನ ತೊಡೆಯ ಮೇಲೆ ಅಂಗೈ ಇಟ್ಟಳು. "ಬಿಗಿ ಹಿಡೀರಿ. ಇನ್ನೂ..." ತೊಡೆ ಮೆತ್ತಗೇ ಇತ್ತು. ಅವಳ ನಗು ಮಾಯವಾಯಿತು. "ಮಾಂಸಖಂಡವೇನೋ ಚೆನ್ನಾಗಿ ತುಂಬಿದೆ. ಒಳಗೆ ಹಗ್ಗದ ಥರ ಎಳೆ ಎಳೆ ಸೇರಿ ಕಟ್ಟು ಕಟ್ಟಾಗಿರುತ್ತೆ. ಮಿದುಳಿಂದ ನರದಲ್ಲಿ ಸುದ್ದಿ ಬಂದ್ರೆ ಆ ಎಳೆಗಳು ಒಳಗೊಳಗೇ ಜಾರಿ ಗಿಡ್ಡ ಆಗ್ತವೆ, ಮೂಳೆನ ಎಳೀತವೆ, ಮನುಷ್ಯ ಏಳ್ತಾನೆ. ಇದು ಗುಂಡಿಗೆ ಥರ ತನ್ನಷ್ಟಕ್ಕೆ ಕೆಲಸ ಮಾಡಲ್ಲ. ಅಪ್ಪಣೆ ಬರ್ಬೇಕು. ಇಲ್ಲಿ ಅಪ್ಪಣೆನೇ ಬರ್ತಿಲ್ಲ."

ಬರುತ್ತಿಲ್ಲವೆಂದು ಕ್ಲಾರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಹಲ್ಲು ಕಚ್ಚಿ ಹಿಡಿದಿದ್ದು ನಿಜ. ತೊಡೆಗೆ ಮಾತ್ರ ಏನೂ ಹೇಳಿಕಳಿಸಿರಲಿಲ್ಲ.

ಬ್ರಿಜೆಟ್ ಸೆಮಿಸಿಯತ್ತ ತಿರುಗಿದಳು. "ನರಕ್ಕೆ ಪೆಟ್ಟಾಗಿರೋ ಹಾಗಿದೆ. ಇಷ್ಟು ದಿನ ಏನ್ ಮಾಡ್ಸಿದ್ದೀಯ ನೀನು? ವಯಸ್ಸಾದೋರನ್ನ ಏನಂದ್ಕೊಂಡಿದ್ದೀಯ, ನಿನ್ನ ರಗ್ಬಿ ಟೀಮಾ? ಇನ್ನು ನಿನ್ನನ್ನ ಯಾರ ಮನೆಗೂ ಕಳಿಸೋಕಾಗಲ್ಲ."

ಬೆಟ್ಟದಂಥ ಆಳು ತಲೆ ತಗ್ಗಿಸಿದ. "ಹುಷಾರಾಗೇ ಮಾಡ್ಸಿದ್ದೆ ಬ್ರಿಜೆಟ್..."

"ಅವನ್ನ ಯಾಕಮ್ಮ ಬೈತೀಯ?" ಕ್ಲಾರಿ ಗುಡುಗಿದ. "ಇಂಥ ಹುಡುಗ ದೀಪ ಹಚ್ಕೊಂಡು ಹುಡುಕಿದ್ರೂ ನಿಂಗೆ ಸಿಗಲ್ಲ! ತಪ್ಪೆಲ್ಲ ನಂದು!"

ಕಟ್ಟಿದ ಕೈ ಕಟ್ಟಿದ ಹಾಗೇ ಇತ್ತು. ಕ್ಲಾರಿ ನೆಟ್ಟಗೆ ನಿಂತಿದ್ದ.

"ಎದ್ದ! ನಮ್ಮ ತಾತ ಎದ್ದ!" ಸೆಮಿಸಿ ಚಪ್ಪಾಳೆ ತಟ್ಟುತ್ತಲೇ ಕಣ್ಣೊರೆಸಿಕೊಂಡ. ಬ್ರಿಜೆಟ್‌ಗೂ ಹೋದ ಜೀವ ಬಂದಂತಾಯಿತು. "ತಪ್ಪಾಯ್ತು ಸೆಮಿಸಿ, ದುಡುಕಿಬಿಟ್ಟೆ" ಎಂದಳು. ಆಮೇಲೆ ಕ್ಲಾರಿಗೆ, "ಈಗ ನಿಧಾನಕ್ಕೆ ಕೂತ್ಕೊಳ್ಳಿ. ಅಲ್ಲಿಗೆ ಪರೀಕ್ಷೆ ಮುಗೀತು, ನಾವು ಹೊರಡ್ತೀವಿ" ಎಂದಳು.

ಕ್ಲಾರಿ ಕೂರಲಿಲ್ಲ. ಚೀಲ ಎತ್ತಿಕೊಂಡು ಬ್ರಿಜೆಟ್ ಬಾಗಿಲಲ್ಲಿ ಕಾದಳು. ಅವನು ನಿಂತೇ ಇದ್ದ. ಪ್ಯಾಂಟಿನೊಳಗೆ ತೊಡೆಗಳು ಗಡಗಡ ಅದುರತೊಡಗಿದವು.

ಸೆಮಿಸಿ ತೋಳು ಹಿಡಿದುಕೊಂಡ. "ಕೂರು ತಾತ, ನಡುಗ್ತಿದ್ದೀಯ."

"ನಡುಗ್ಲಿ ಬಿಡೋ. ಕೂತ್ರೆ ನೀನು ಹೊರಟುಬಿಡ್ತೀಯಲ್ಲ."