ಬಸಲಿಂಗಮ್ಮನ ಕೂಸಿನ ಮುಖ

ಆ ಕಾಲದಲ್ಲಿ ನೆನಪೊಂದನ್ನು ಬಾಯಿಬಿಟ್ಟು ಹೇಳಿದರೆ, ಅದು ಹೇಳಿದವರನ್ನು ಬಿಟ್ಟು ಕೇಳಿದವರಿಗೆ ಸೇರಿಬಿಡುತ್ತಿತ್ತು. ಹಾಗಾಗಿ ನರ್ಸಿಂಗ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ನಫೀಸಾ ತನ್ನ ಮೊದಲ ಸಂದರ್ಶನಕ್ಕೆ ಅಳುಕುತ್ತಲೇ ಹೋದಳು. ಹೆತ್ತ ಮೂರನೇ ದಿನ ಮಗುವನ್ನು ಕಳೆದುಕೊಂಡಿದ್ದ ಬಸಲಿಂಗಮ್ಮ, ಒಪ್ಪಿಗೆಪತ್ರದ ‘ಉಳಿಸಿಕೊಳ್ಳುವ ನೆನಪು’ ಎಂಬ ಜಾಗವನ್ನು ಖಾಲಿ ಬಿಟ್ಟು ಸಹಿ ಮಾಡಿದಳು.

"ಎಲ್ಲಾ ತಗೊಂಡ್ ಹೋಗ್ರಿ ಮೇಡಂ, ನನಗ ಸಾಕಾಗ್ಯಾದ."

ಹೇಳುತ್ತ ಹೇಳುತ್ತ ಆಕೆ ಹಗುರಾದಳು. ಆಮೇಲೆ ತಟ್ಟನೆ ಮಾತು ನಿಲ್ಲಿಸಿದಳು.

"ಮೇಡಂ, ನನ್ ಕೂಸಿನ ಮಾರಿ ಹ್ಯಾಂಗಿತ್ತು?"

ಸಂದರ್ಶನದಲ್ಲಿ ಕೇಳಬೇಕೇ ಹೊರತು ಏನನ್ನೂ ಹೇಳಿಕೊಡಬಾರದು ಎಂದು ನಫೀಸಾಗೆ ತರಗತಿಯಲ್ಲಿ ಕಲಿಸಿದ್ದರು. ಮಾಡುತ್ತಿರುವುದು ಸರಿಯೋ ತಪ್ಪೋ ತಿಳಿಯದೆಯೇ ಅವಳು ಪೆನ್ನು ಕೆಳಗಿಟ್ಟಳು.

"ಗುಂಡು ಮಾರಿ ರೀ. ಗದ್ದದ ಮ್ಯಾಲ ಸಣ್ಣ ಗುಳಿ," ಎಂದು ಆರಂಭಿಸಿ, ತನಗೆ ಬಂದು ಸೇರಿದ ನೆನಪಿನಲ್ಲಿ ಕಂಡಷ್ಟನ್ನೂ ಹೇಳಿ ಮುಗಿಸಿದಳು. ಬಸಲಿಂಗಮ್ಮ ಕಣ್ಣು ಮುಚ್ಚಿ ನಕ್ಕಳು.

ಮರುದಿನ ಗೈಡ್ ಟಿಪ್ಪಣಿ ಕೇಳಿದರು. ನಫೀಸಾ ಬರೆಯಲು ಕುಳಿತವಳು ಬಿಕ್ಕುತ್ತಿದ್ದಳು.

"ಯಾರನ್ನ ನೆನೆಸಿ ಅಳ್ತಿದ್ದೀಯಮ್ಮ?" ಎಂದರು ಅವರು.

"ಒಂದು ಕೂಸನ್ನ, ಸರ್. ಅದರ ಮುಖ ಹೆಂಗಿತ್ತು ಅನ್ನೋದೇ ನನಗ ಗೊತ್ತಿಲ್ಲ."