ಜ್ಞಾನಸ್ನಾನದ ಸಾಕ್ಷಿ

ಮಗಳು ಮೆಚ್ಚಿದ ಹುಡುಗನ ಮೂಲ ಹುಡುಕಲು ಆತ ಇಗರ್ಜಿಯ ಕಚೇರಿಗೆ ಬಂದಿದ್ದ. ಮೂಗಿಗೆ ಕರವಸ್ತ್ರ ಹಿಡಿದು, ಮಕ್ಕಳ ಕ್ರೈಸ್ತ ದೀಕ್ಷೆ ದಾಖಲಾಗುವ, ಗೆದ್ದಲು ತಿಂದ ಜ್ಞಾನಸ್ನಾನದ ಪುಸ್ತಕದಲ್ಲಿ ಹುಡುಗನ ಅಜ್ಜನ ಹೆಸರಿನ ಮೇಲೆ ಬೆರಳಿಟ್ಟ.

“ಈ ಅಜ್ಜನ ತಾಯಿ ಮನೆಕೆಲಸದವಳು, ತಂದೆಯ ಜಾಗ ಖಾಲಿ. ಥೂ, ಇಂಥ ಮನೆಗೆ ಹೆಣ್ಣು ಕೊಡುದಾ?”

“ಸಾಕ್ಷಿಗೆ ನಿಂತವರ ಹೆಸರು ಓದಿ,” ಎಂದಳು ಪುಸ್ತಕ ತೆಗೆದುಕೊಟ್ಟ ಕಚೇರಿಯ ಹೆಂಗಸು.

“ನಮ್ಮ ಅಜ್ಜ. ನೋಡಿ, ಕೆಲಸದವಳ ಮಗುವಿಗೂ ನಿಂತಿದ್ದಾರೆ. ಅಷ್ಟು ದೊಡ್ಡ ಮನಸ್ಸು.”

“ಅವಳ ಐದು ಮಕ್ಕಳಿಗೂ ಅವರೇ ನಿಂತದ್ದು. ಐದಕ್ಕೂ ತಂದೆಯ ಹೆಸರಿಲ್ಲ. ತಂದೆ ಅಂತ ಬರೆಸ್ಲಿಕ್ಕೆ ಧೈರ್ಯ ಇಲ್ಲದವರು ಸಾಕ್ಷಿ ಅಂತ ಬರೆಸ್ತಿದ್ರು.”

ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು.

ಅವಳು ಪುಸ್ತಕ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡಳು.

“ನಾನು ಆ ಹುಡುಗನ ತಾಯಿ. ಇಂಥ ಮನೆಯ ಹೆಣ್ಣು ನಮಗೆ ಬೇಡ.”