ಜೊತೆಗಿಲ್ಲದ ಮರಿ

ಬಯಲುಸೀಮೆಯ ನೆಲವೆಲ್ಲ ಸೌರಫಲಕಗಳ ಅಡಿಗೆ ಸೇರಿ ನಲವತ್ತು ವರ್ಷವಾಗಿತ್ತು. ಅಡಗಲು ಹುಲ್ಲಿಲ್ಲದೆ ಚಿಗರಿ ಜಿಂಕೆಯ ಮರಿಗಳು ಹುಟ್ಟಿದ ದಿನದಿಂದಲೇ ತಾಯಿಯ ಹಿಂದೆ ಓಡುತ್ತಿದ್ದವು. ಜೊತೆಗಿಲ್ಲದ ಮರಿ ಎಂದರೆ ಸತ್ತ ಮರಿ. ಒಂದು ತುಂಡು ನೆಲದಲ್ಲಿ ಮಾತ್ರ ಫಲಕ ಕಿತ್ತು ಹುಲ್ಲು ಬೆಳೆಸಿದ್ದರು. ಅಲ್ಲಿ ಮರಿ ಉಳಿಯದಿದ್ದರೆ ಫಲಕಗಳು ಮತ್ತೆ ಬರಲಿದ್ದವು.

ನಿನ್ನೆ ಅಲ್ಲಿ ಈದ ಚಿಗರಿ ಒಂಟಿಯಾಗಿ ನೀರಿಗೆ ಬಂತು. ಅಧಿಕಾರಿ ಶಿರೀಷ್ ನಮೂನೆಯ ‘ಮರಿ ಸತ್ತಿದೆ’ ಎಂಬ ಕಾಲಮ್ಮಿನಲ್ಲಿ ಗುರುತು ಹಾಕಹೊರಟರು. ಕಾವಲುಗಾರ್ತಿ ಬಾಳವ್ವ ದುರ್ಬೀನು ಇಳಿಸಿ ಪೆನ್ನು ಕಸಿದುಕೊಂಡಳು.

“ಕೆಚ್ಚಲಾ ನೋಡ್ರಿ ಸಾಹೇಬ್ರ, ಖಾಲಿ ಐತಿ. ಈಗಷ್ಟ ಮರಿ ಹಾಲು ಕುಡದೈತಿ.”

ಚಿಗರಿ ಹಿಂದಿರುಗಿ ಹುಲ್ಲಿನೊಳಗೆ ಹೋಯಿತು. ಏನೂ ಇಲ್ಲವೆನಿಸಿದ್ದ ಜಾಗದಲ್ಲಿ ಎರಡು ಪುಟ್ಟ ಕಿವಿಗಳು ಎದ್ದವು.

“ಬಚ್ಚಿಟ್ಟಿತ್ತು!” ಶಿರೀಷ್ ನಮೂನೆಯನ್ನು ತಿರುಗಿಸಿ ನೋಡಿದರು. “ಇದಕ್ಕೆ ಕಾಲಮ್ಮೇ ಇಲ್ಲವಲ್ಲ ಬಾಳವ್ವ.”

ಅವಳು ಪೆನ್ನು ವಾಪಸ್ ಕೊಟ್ಟಳು. “ಹೊಸಾ ಗೆರಿ ಎಳೀರಿ.”